ಹರಳು ಉದುರಿದರೆ ಯಾವ ಅಂಟು?

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು ಬಂದ ನಮ್ಮ ತಾಯಿ ಕನ್ನಡಿಯ ಮುಂದೆ ನಿಂತವರು ಹಾಗೇ ನಿಂತುಬಿಟ್ಟರು. ಎಡಗಿವಿಯ ಬೆಂಡೋಲೆಯಲ್ಲಿ ಏಳು ಕೆಂಪು ಹರಳಿರಬೇಕಾದ ಕಡೆ ಆರೇ ಇದ್ದವು. ಮನೆಮಂದಿಯೆಲ್ಲ ನೆಲಕ್ಕೆ ಕಣ್ಣು ನೆಟ್ಟು ಹುಡುಕಿದ ಮೇಲೆ ಬಚ್ಚಲ ಜಾಲರಿಯ ಅಂಚಿನಲ್ಲಿ ಹರಳು ಸಿಕ್ಕಿತು. ಅದು ಅವರ ಮದುವೆಗೆ ನನ್ನ ಅಜ್ಜಿ ಕೊಟ್ಟ ಬೆಂಡೋಲೆ. ನನ್ನ ಬಿ.ಎಸ್ಸಿ. ಫೀಸಿಗಾಗಿ ಎರಡು ಬಾರಿ ಗಿರವಿ ಅಂಗಡಿಯ ಕಬ್ಬಿಣದ ಪೆಟ್ಟಿಗೆ ಸೇರಿ, ಎರಡು ಬಾರಿಯೂ ವಾಪಸು ಬಂದದ್ದು. ಆ ಕಾರಣಕ್ಕೆ ಅದರ ಬೆಲೆ ನನ್ನ ಮಟ್ಟಿಗೆ ಗ್ರಾಂ ಲೆಕ್ಕದ್ದಲ್ಲ.

“ಹಬ್ಬ ಕಳೀಲಿ, ಆಚಾರ್ರ ಹತ್ರ ಕೊಟ್ಟು ಕೂರಿಸ್ಕೊಂಡು ಬಾರಪ್ಪ” ಎಂದರು ತಾಯಿ.

“ಇಷ್ಟಕ್ಕೆಲ್ಲ ಆಚಾರ್ರು ಯಾಕಮ್ಮ, ಎರಡು ನಿಮಿಷದ ಕೆಲಸ” ಎಂದೆ ನಾನು. ವಿಜ್ಞಾನದ ಮೇಷ್ಟ್ರಲ್ಲವೇ! ಮೇಜಿನ ಡ್ರಾಯರಿನಲ್ಲಿ ಕ್ಷಣದಲ್ಲಿ ಅಂಟಿಕೊಳ್ಳುವ ದಿಢೀರ್ ಅಂಟಿನ ಪುಟ್ಟ ಟ್ಯೂಬು ಇತ್ತು. ಒಂದು ಹನಿ ಸಾಕಾಗಿದ್ದ ಕಡೆ ಮೂರು ಹನಿ ಬಿತ್ತು. ಹರಳು ಕೂತಿತು. ಹೋಳಿಗೆ ಊಟವೂ ಆಯಿತು.

ಮೂರನೆಯ ದಿನ ನೋಡಿದರೆ ಆ ಹರಳು ಪೊರೆ ಬಂದ ಕಣ್ಣಿನಂತಾಗಿತ್ತು. ಸುತ್ತ ಬೂದು ಬಳಿದ ಹಾಗೆ ಬಿಳಿ ಮಬ್ಬು, ಒಳಗೆ ಹೊಳಪೇ ಇಲ್ಲ. ಮಿಕ್ಕ ಆರು ಹರಳುಗಳು ಕೆಂಡದಂತೆ ಮಿನುಗುತ್ತಿದ್ದರೆ ಇದೊಂದು ಇದ್ದಿಲಿನಂತೆ ಕೂತಿತ್ತು. ತಾಯಿ ಏನೂ ಅನ್ನಲಿಲ್ಲ. ಓಲೆಯನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಬರಿಗಿವಿಯಲ್ಲಿ ಓಡಾಡತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅಂಟುಗಳ ಬೆನ್ನು ಹತ್ತಿದೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ, ಲವಣ ಹೇಳಿಕೊಟ್ಟವನಿಗೆ ಅಂಟು ಏಕೆ ಅಂಟುತ್ತದೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ.

ಹಲಸಿನ ಮೇಣದ ಪಾಠ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಕೆಂಪು ತೊಳೆಯ ‘ಸಿದ್ದು’ ಹಲಸಿನ ಮೂಲ ಮರವೂ ಆ ಕಡೆಯದೇ. ಅಲ್ಲಿ ಹಲಸು ಬಿಡಿಸಲು ಕೂತವರು ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತಾರೆ. ಎಣ್ಣೆ ಸವರಿದ ಕೈಗೆ ಮೇಣ ಹತ್ತುವುದಿಲ್ಲ. ಅಂಟಿನ ಶಾಸ್ತ್ರದ ಅರ್ಧ ಪಾಠ ಇಲ್ಲಿಯೇ ಇದೆ. ಯಾವುದೇ ಅಂಟು ಹಿಡಿಯಬೇಕಾದರೆ ಮೊದಲು ಅದು ದ್ರವವಾಗಿ ಹರಿದು, ಮೇಲ್ಮೈಯನ್ನು ಪೂರ್ತಿ ‘ನೆನೆಸ’ಬೇಕು. ಕಣ್ಣಿಗೆ ನುಣುಪಾಗಿ ಕಾಣುವ ಚಿನ್ನದ ಮೇಲೂ ಅಣುವಿನ ಲೆಕ್ಕದಲ್ಲಿ ಬೆಟ್ಟಗುಡ್ಡಗಳಿವೆ. ಅಂಟು ಆ ಹಳ್ಳಕೊಳ್ಳಗಳಿಗೆಲ್ಲ ಇಳಿದು, ಅಣುವಿಗೆ ಅಣು ತಾಗುವಷ್ಟು ಹತ್ತಿರವಾದಾಗ ಮಾತ್ರ ಅವುಗಳ ನಡುವಿನ ಸಣ್ಣ ಸಣ್ಣ ಸೆಳೆತಗಳು ಕೂಡಿ ದೊಡ್ಡ ಬಲವಾಗುತ್ತವೆ. ನಡುವೆ ಎಣ್ಣೆಯ ಪದರವಿದ್ದರೆ ಅಂಟು ಎಣ್ಣೆಯನ್ನು ಹಿಡಿಯುತ್ತದೆ, ಒಡವೆಯನ್ನಲ್ಲ.

ಎರಡನೆಯ ಅರ್ಧವೆಂದರೆ, ಹಾಗೆ ಹರಿದ ದ್ರವ ಆಮೇಲೆ ಗಟ್ಟಿಯಾಗಬೇಕು. ಎರಡು ಗಾಜಿನ ತುಂಡುಗಳ ನಡುವೆ ನೀರು ಹಾಕಿ ಒತ್ತಿದರೆ ಎಳೆದು ಬಿಡಿಸುವುದು ಕಷ್ಟ. ಆದರೆ ಪಕ್ಕಕ್ಕೆ ಸರಿಸಿದರೆ ಸಲೀಸಾಗಿ ಜಾರುತ್ತವೆ. ನೀರು ನೆನೆಸುತ್ತದೆ, ಗಟ್ಟಿಯಾಗುವುದಿಲ್ಲ. ಅಂಟುಗಳೆಲ್ಲ ಬೇರೆಬೇರೆಯಾಗುವುದು ಈ ಗಟ್ಟಿಯಾಗುವ ಬಗೆಯಲ್ಲಿ. ಕೆಲವು ನೀರು ಆರಿ ಗಟ್ಟಿಯಾಗುತ್ತವೆ, ಕೆಲವು ಬಿಸಿ ತಣಿದು, ಕೆಲವು ರಾಸಾಯನಿಕ ಕ್ರಿಯೆ ನಡೆದು.

ನಾನು ಅಂಟು ಹಾಕಿದ್ದು ಎಣ್ಣೆನೀರಿನ ದಿನ. ಓಲೆಯ ಸಂದಿಗೊಂದಿಯಲ್ಲೆಲ್ಲ ಹರಳೆಣ್ಣೆ, ಸೀಗೆಪುಡಿ. ತಪ್ಪಿನ ಪಟ್ಟಿ ಅಲ್ಲಿಂದಲೇ ಶುರುವಾಗಿತ್ತು.

ಆಚಾರ್ರ ಅರಗು

ಕೊನೆಗೆ ತುಮಕೂರು ಚಿಕ್ಕಪೇಟೆಯ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ ಬೆಂಡೋಲೆ ತೆಗೆದುಕೊಂಡು ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ನಿಮಿಷ ನೋಡಿದರು.

“ಮೇಷ್ಟ್ರೇ, ಇದಕ್ಕೆ ಗಮ್ಮು ಹಾಕಿದ್ದೀರಾ?”

“ಹೌದು ಆಚಾರ್ರೇ, ಸ್ವಲ್ಪ...”

“ಸ್ವಲ್ಪ ಅಲ್ಲ. ಹೇಳ್ದೆ ಕೊಟ್ಟಿದ್ರೆ ನಾನು ಬೆಂಕಿ ಹಿಡೀತಿದ್ದೆ. ಆ ಹೊಗೆ ಕಣ್ಣಿಗೆ ಬಡಿದ್ರೆ ಸಾಯಂಕಾಲದವರೆಗೂ ನೀರು ಸುರೀತಾ ಇರುತ್ತೆ.”

ಅವರು ಬಿಡಿಸಿ ತೋರಿಸಿದ ಮೇಲೆ ನನಗೆ ಅರ್ಥವಾಯಿತು. ಹಳೆಯ ಕಾಲದ ಹರಳಿನ ಓಲೆಗಳಲ್ಲಿ ಹಿಂಭಾಗ ಮುಚ್ಚಿರುತ್ತದೆ. ಪುಟ್ಟ ಚಿನ್ನದ ಗೂಡಿನೊಳಗೆ ಅರಗು, ಅದರ ಮೇಲೆ ಹೊಳೆಯುವ ತೆಳ್ಳನೆಯ ರೇಕು, ಅದರ ಮೇಲೆ ಹರಳು. ಅಂಚಿನ ಚಿನ್ನವನ್ನು ಒತ್ತಿ ಹರಳಿನ ಮೇಲೆ ಮಡಿಸಿರುತ್ತಾರೆ. ಹರಳನ್ನು ನಿಜವಾಗಿ ಹಿಡಿದಿರುವುದು ಆ ಅಂಚು. ಅರಗು ಕೆಳಗಿನಿಂದ ಮೆತ್ತೆಯಂತೆ ತಾಳುತ್ತದೆ. ಹೊಳಪು ಬರುವುದು ರೇಕಿನಿಂದ. ಹರಳಿನೊಳಗೆ ಹೋದ ಬೆಳಕನ್ನು ಅದು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ನನ್ನ ಮೂರು ಹನಿ ಅಂಟು ಹರಳಿಗೂ ರೇಕಿಗೂ ನಡುವೆ ನುಗ್ಗಿ ಕನ್ನಡಿಯನ್ನೇ ಕೆಡಿಸಿತ್ತು.

ಅರಗು ನಮ್ಮ ದೇಶದ ಅತಿ ಹಳೆಯ ಅಂಟುಗಳಲ್ಲೊಂದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಈ ಅರಗು ಒಂದು ಸಣ್ಣ ಕೀಟದ ಸ್ರಾವವೆಂಬುದು ಎಷ್ಟೋ ಮಕ್ಕಳಿಗೆ ತಿಳಿದಿಲ್ಲ. ಮುತ್ತುಗ, ಎಲಚಿಯಂಥ ಮರಗಳ ಎಳೆಯ ಕೊಂಬೆಗೆ ಲಕ್ಷೋಪಲಕ್ಷ ಹುಳುಗಳು ಕಚ್ಚಿಕೊಂಡು, ರಸ ಹೀರಿ, ಮೈ ಸುತ್ತ ಈ ರಾಳವನ್ನು ಕಟ್ಟಿಕೊಳ್ಳುತ್ತವೆ. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಇದು ಹೆಚ್ಚು. ರಾಂಚಿಯ ಬಳಿ ಇದಕ್ಕೆಂದೇ 1924ರಲ್ಲಿ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ಅರಗು ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಮೆತ್ತಗಾಗುತ್ತದೆ, ತಣಿದರೆ ಕಲ್ಲಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗೆ. ಕುಣಿಗಲ್‌ನವರು ಹುಲಿಯೂರುದುರ್ಗದ ದಾರಿ ಹಿಡಿದು ಚನ್ನಪಟ್ಟಣಕ್ಕೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಗಿರಗಿರನೆ ತಿರುಗುವ ಹಾಲೆಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ.

ಅಕ್ಕಸಾಲಿಗರು ಅರಗನ್ನು ಬಿಡದಿರುವುದಕ್ಕೆ ಕಾರಣ ಈ ಗುಣವೇ. ನಾಳೆ ಹರಳು ಬದಲಿಸಬೇಕೆಂದರೆ ಸ್ವಲ್ಪ ಬಿಸಿ ತೋರಿಸಿದರೆ ಸಾಕು, ಒಡವೆಗೆ ಏಟಿಲ್ಲದೆ ಬಿಟ್ಟುಕೊಳ್ಳುತ್ತದೆ. ಅಂಟು ಎಂದರೆ ಎಂದೆಂದಿಗೂ ಬಿಡದಂತಿರಬೇಕು ಎಂದು ನಾವು ತಿಳಿದಿದ್ದೇವೆ. ಒಡವೆಯ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ.

ಮಾಂಗಲ್ಯದ ಸರಕ್ಕೆ ಪೋಣಿಸುವ ಟೊಳ್ಳು ಗುಂಡುಗಳ ಒಳಗೂ ಅರಗು ತುಂಬುತ್ತಾರೆ. ಇಲ್ಲದಿದ್ದರೆ ಒತ್ತಿದೊಡನೆ ನೆಗ್ಗಿಹೋಗುತ್ತವೆ. ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಅರಗು ನೀರಿಗಿಂತ ತುಸುವೇ ಭಾರ. ಆದರೂ ತಕ್ಕಡಿಯಲ್ಲಿ ಎರಡೂ ತೂಗುತ್ತವೆ. ಗಿರವಿ ಅಂಗಡಿಯವರು “ಹರಳು, ಅರಗು ಕಳೆದು” ಎಂದು ಲೆಕ್ಕ ಹಾಕುವುದು ಇದಕ್ಕೇ. ನನ್ನ ಫೀಸಿನ ಕಾಲದಲ್ಲಿ ಎಷ್ಟು ಕಳೆದರೋ, ತಾಯಿಗೆ ಮಾತ್ರ ಇನ್ನೂ ಆ ಬಗ್ಗೆ ಅಸಮಾಧಾನವಿದೆ.

ನಮ್ಮ ಹಿರಿಯರಿಗೆ ಅಂಟುಗಳ ಬಗ್ಗೆ ತಿಳಿವಳಿಕೆ ಕಡಿಮೆಯಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಬೇಲದ ಕಾಯಿ, ಗುಗ್ಗುಳ, ಅರಗು ಮೊದಲಾದವನ್ನು ಬೇಯಿಸಿ ಮಾಡುವ ಲೇಪಗಳ ವಿಧಾನ ಅಲ್ಲಿದೆ. ಬಡಗಿಗಳು ಚರ್ಮ, ಮೂಳೆ ಬೇಯಿಸಿ ಮಾಡಿದ ಸರೇಸನ್ನು ‘ಮರವಜ್ರ’ ಎಂದು ಕರೆಯುತ್ತಿದ್ದುದೂ ಈ ವಜ್ರದ ನೆನಪಿನಿಂದಲೇ ಇರಬೇಕು. ಹುಣಸೆ ಬೀಜದ ಅಂಟಂತೂ ನಮ್ಮ ಜಿಲ್ಲೆಯದೇ ಸರಕು. ತುಮಕೂರು ಮಂಡಿಯ ಹುಣಸೆ ನಾಡಿಗೆಲ್ಲ ಗೊತ್ತು.

ದಿಢೀರ್ ಅಂಟಿನ ಒಳಗುಟ್ಟು

ನನ್ನ ಮಾನ ಕಳೆದ ಅಂಟಿನ ಕಥೆ ಸ್ವಾರಸ್ಯವಾಗಿದೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿ ಬಂದೂಕಿನ ಗುರಿಗನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಿಕ್ಕಿದ್ದು ಸಯನೋಅಕ್ರಿಲೇಟ್. ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಪೀಡಿಸಿದ್ದರಿಂದ ಅದನ್ನು ಬದಿಗೊತ್ತಿದರು. 1951ರಲ್ಲಿ ಅದೇ ವಸ್ತು ಮತ್ತೆ ಅವರ ತಂಡದ ಕೈಗೆ ಬಂದಾಗ, ಪೀಡೆ ಎಂದುಕೊಂಡದ್ದೇ ಪ್ರಯೋಜನವೆಂದು ಹೊಳೆಯಿತು. 1958ರಲ್ಲಿ ಅಂಗಡಿಗೆ ಬಂತು. ಇಂದು ಗುಬ್ಬಿಯ ಯಾವ ಪೆಟ್ಟಿಗೆ ಅಂಗಡಿಯಲ್ಲಾದರೂ ಐದು, ಹತ್ತು ರೂಪಾಯಿಗೆ ಸಿಗುತ್ತದೆ.

ಈ ಅಂಟು ಗಟ್ಟಿಯಾಗಲು ಆರಬೇಕಿಲ್ಲ. ತದ್ವಿರುದ್ಧವಾಗಿ, ಇದಕ್ಕೆ ತೇವ ಬೇಕು! ಎಲ್ಲ ವಸ್ತುಗಳ ಮೇಲೂ ಗಾಳಿಯ ತೇವಾಂಶದ ಅತಿ ತೆಳು ಪದರವಿರುತ್ತದೆ. ಅದು ತಾಗಿದೊಡನೆ ಅಂಟಿನ ಅಣುಗಳು ಒಂದರ ಕೈ ಒಂದು ಹಿಡಿದು ಸರಪಳಿಯಾಗುತ್ತವೆ. ಆದ್ದರಿಂದ ಪದರ ತೆಳುವಾದಷ್ಟೂ ಬೇಗ, ಬಲವೂ ಹೆಚ್ಚು. ದಪ್ಪವಾಗಿ ಸುರಿದರೆ ಒಳಗಿನದಕ್ಕೆ ತೇವ ತಾಗದೆ ಹಸಿಯಾಗಿಯೇ ಉಳಿಯುತ್ತದೆ. ಅದರ ಆವಿ ಮೆಲ್ಲಗೆ ಎದ್ದು, ಸುತ್ತಲಿನ ಗಾಳಿಯ ತೇವದೊಡನೆ ಸೇರಿ ಬಿಳಿಯ ಪುಡಿಯಾಗಿ ಕೂರುತ್ತದೆ. ನಾನು ಕಂಡ ಪೊರೆ ಇದೇ. ಪೊಲೀಸರ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಹುಡುಕಲು ಇದೇ ಆವಿಯನ್ನು ಬಳಸುತ್ತಾರೆ. ಬೆರಳಿನ ಗುರುತಿದ್ದಲ್ಲೆಲ್ಲ ಬಿಳಿ ಗೆರೆ ಮೂಡುತ್ತದೆ. ಕಳ್ಳನಿಗಾದ ಗತಿ ಮೇಷ್ಟ್ರಿಗೂ ಆಯಿತೆನ್ನಿ.

ಇದೇ ಪೊರೆ ನನಗೆ ಮೊದಲೂ ಒಮ್ಮೆ ಸಿಕ್ಕಿತ್ತು, ಆಗ ಬುದ್ಧಿ ಬರಲಿಲ್ಲ. ಕುಣಿಗಲ್ ತಾಲ್ಲೂಕಿನ ಶಾಲೆಯಲ್ಲಿದ್ದಾಗ ನನ್ನ ಎಚ್.ಎಂ.ಟಿ. ಗಡಿಯಾರದ ಗಾಜು ಕಳಚಿಬಿತ್ತು. ಮೊದಲ ಸಂಬಳದಲ್ಲಿ ಕೊಂಡದ್ದು. ತುಮಕೂರಿನಲ್ಲೇ ಎಚ್.ಎಂ.ಟಿ. ಕಾರ್ಖಾನೆ ಇದ್ದ ಕಾಲ ಅದು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು, ಆ ಜಾಗ ಆಮೇಲೆ ಇಸ್ರೋ ಪಾಲಾಯಿತು. ಗಾಜಿಗೆ ಅಂಟು ಹಚ್ಚಿ ಒತ್ತಿಟ್ಟೆ. ಬೆಳಿಗ್ಗೆ ಗಡಿಯಾರದೊಳಗೆ ಮಂಜು ಬಿದ್ದಿತ್ತು. ಬಸ್ ನಿಲ್ದಾಣದ ಬಳಿಯ ರಿಪೇರಿಯವರು ನಕ್ಕು, “ಸಾ, ಈ ಗಾಜು ಅಂಟಿಸೋದಲ್ಲ, ಒತ್ತಿ ಕೂರಿಸೋದು” ಎಂದು ಬೇರೆ ಗಾಜು ಹಾಕಿಕೊಟ್ಟರು. ಅಂಟೇ ಬೇಡದ ಕಡೆ ಅಂಟು ಹಾಕುವುದು ನನ್ನ ಹಳೆಯ ಚಾಳಿ.

ದಿಢೀರ್ ಅಂಟಿಗೆ ಮತ್ತೊಂದು ದೌರ್ಬಲ್ಯವಿದೆ. ನೇರವಾಗಿ ಎಳೆದರೆ ಆನೆಬಲ, ಏಟು ಬಿದ್ದರೆ ಮಡಕೆಯಂತೆ ಸಿಡಿಯುತ್ತದೆ. ಅಂಚೆಚೀಟಿಯನ್ನು ನೆನಪಿಸಿಕೊಳ್ಳಿ. ಲಕೋಟೆಯಿಂದ ಅದನ್ನು ನೆಟ್ಟಗೆ ಎಳೆದು ಕೀಳಲು ಯಾರಿಂದಲೂ ಆಗದು. ಒಂದು ಮೂಲೆ ಎತ್ತಿ ಸುಲಿದರೆ ಸುಲಿದು ಬರುತ್ತದೆ. ಎಳೆಯುವ ಬಲ, ಜಾರಿಸುವ ಬಲ, ಸುಲಿಯುವ ಬಲ, ಏಟು - ಇವು ನಾಲ್ಕೂ ಬೇರೆ. ಕಿವಿಯ ಓಲೆ ದಿನವಿಡೀ ಸುಮ್ಮನೆ ನೇತಾಡುತ್ತದೆ. ಬೆರಳಿನ ಉಂಗುರ ಪಾತ್ರೆ, ಬಾಗಿಲು, ಬಸ್ಸಿನ ಕಂಬಿ ಎಲ್ಲಕ್ಕೂ ಬಡಿಯುತ್ತದೆ. ಬಳೆ ಬಾಗುತ್ತದೆ, ಒಂದಕ್ಕೊಂದು ಗಲಗಲಿಸುತ್ತದೆ. ಹೀಗಿರುವಾಗ ಮೂರಕ್ಕೂ ಒಂದೇ ಅಂಟು ಹೇಗೆ ಸರಿಹೋದೀತು?

ಗುಬ್ಬಿಯಿಂದ ಬಂದ ಹರಳಿನ ಪೊಟ್ಟಣ

ಬಳೆಯ ಮಾತು ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿಯಿಂದ. ಗುಬ್ಬಿಯಲ್ಲಿ ಮನೆಯಲ್ಲೇ ಕೂತು ರೇಷ್ಮೆ ದಾರ ಸುತ್ತಿದ ಬಳೆ, ಕಿವಿಯೋಲೆ ಮಾಡಿ ಮಾರುತ್ತಾಳೆ. ಮಗುವಿನ ಶಾಲೆಯ ಖರ್ಚು ನಡೆಯುವುದು ಅದರಿಂದಲೇ. ಒಂದು ಸೀಮಂತಕ್ಕೆ ನಲವತ್ತು ಜೊತೆ ಬಳೆಗೆ ಆರ್ಡರು ಸಿಕ್ಕಿತ್ತು. ಕುಂದಣದ ಹೊಳಪಿನ ಹರಳುಗಳನ್ನು ದಿಢೀರ್ ಅಂಟಿನಿಂದ ಕೂರಿಸಿ ಕೊಟ್ಟಳು. ಸೀಮಂತ ಮುಗಿಯುವುದರೊಳಗೆ ಚಾಪೆಯ ತುಂಬ ಹರಳು. ಬಾಕಿ ಹಣ ಬರಲಿಲ್ಲ. ಮುಂಗಡ ವಾಪಸು ಕೊಡಬೇಕಾಯಿತು. ಉದುರಿದ ಹರಳಿನ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದವಳು ಅಂದಳು: “ಸಾರ್, ನೀವು ನಮಗೆ ಅಂಟಿನ ಪಾಠಾನೇ ಮಾಡ್ಲಿಲ್ಲ.”

ನಿಜ, ಮಾಡಿರಲಿಲ್ಲ. ಅಂದೇ ಶುರುಮಾಡಿದೆವು.

ಬಿಳಿ ಫೆವಿಕಾಲ್ ಎಲ್ಲರ ಮನೆಯಲ್ಲೂ ಇದೆ. 1959ರಿಂದ ಬಳಕೆಯಲ್ಲಿರುವ, ಮರವಜ್ರವನ್ನು ಬಡಗಿಯ ಒಲೆಯಿಂದ ಇಳಿಸಿದ ಅಂಟು ಅದು. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು. ನೀರು ಹೋದರೆ ಕಣಗಳು ಕೂಡಿಕೊಂಡು ಪದರವಾಗುತ್ತವೆ. ಮರ, ಕಾಗದ, ಬಟ್ಟೆ, ದಾರ ನೀರನ್ನು ಹೀರುತ್ತವೆ, ಆದ್ದರಿಂದ ಅಲ್ಲಿ ಇದಕ್ಕೆ ಸಾಟಿಯಿಲ್ಲ. ಎರಡು ಗಾಜಿನ ತುಂಡುಗಳ ನಡುವೆ ಇದನ್ನು ಹಾಕಿ ಎರಡು ದಿನ ಬಿಟ್ಟು ನೋಡಿ: ಅಂಚು ಆರಿರುತ್ತದೆ, ನಡುವೆ ಹಾಲಿನಂತೆ ಬೆಳ್ಳಗೇ ಇರುತ್ತದೆ. ನೀರಿಗೆ ಹೋಗಲು ದಾರಿಯೆಲ್ಲಿ? ಲೋಹದ ಮೇಲೆ ಗಾಜಿನ ಹರಳಿಗೂ ಇದೇ ಗತಿ. ಬಳೆಗೆ ದಾರ ಸುತ್ತುವಾಗ ಫೆವಿಕಾಲ್ ಸರಿ, ಹರಳು ಕೂರಿಸಲು ಅಲ್ಲ.

ಮೂರನೆಯದು ಎಪಾಕ್ಸಿ. ಅರಾಲ್ಡೈಟ್ ಎಂಬ ಹೆಸರಿನಿಂದ ಮನೆಮಾತಾಗಿರುವ, ಎರಡು ಟ್ಯೂಬಿನ ಅಂಟು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಎರಡನ್ನೂ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಸಮ, ಬೆರೆಸಬೇಕು. “ಗಟ್ಟಿಕಾರಕ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತೆ” ಎಂದು ನಂಬಿರುವವರು ಬಹಳ ಮಂದಿ. ಇದು ಮದುವೆಯ ಲೆಕ್ಕ. ಹುಡುಗರೆಷ್ಟೋ ಹುಡುಗಿಯರಷ್ಟೇ ಇದ್ದರೆ ಎಲ್ಲರಿಗೂ ಜೊತೆ. ಒಂದು ಕಡೆ ಹೆಚ್ಚಾದರೆ ಜೊತೆಯಿಲ್ಲದವರು ಉಳಿದುಬಿಡುತ್ತಾರೆ. ಅಂಟು ಎಂದೆಂದಿಗೂ ಜಿಗಟಾಗಿಯೇ ಇರುತ್ತದೆ. ಒಂದು ನಿಮಿಷ ಪೂರ್ತಿ ಕಲಸಬೇಕು, ಅದೂ ಕಡ್ಡಿಯಿಂದ ತಳ, ಅಂಚು ಎಲ್ಲ ಸವರಿ. ಇಲ್ಲಿ ನೀರು ಆರಬೇಕಿಲ್ಲ, ಆವಿ ಏಳುವುದೂ ಅತ್ಯಲ್ಪ. ಗೂಡಿನೊಳಗೆ ಮುಚ್ಚಿದ್ದರೂ ಗಟ್ಟಿಯಾಗುತ್ತದೆ. ಹರಳಿನ ಹಿಂದಿನ ಸಂದನ್ನೂ ತುಂಬುತ್ತದೆ. ನಿಧಾನದ ಎಪಾಕ್ಸಿಗೆ ಒಂದು ದಿನ ಪೂರ್ತಿ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಬೇಗ, ಮಾರ್ಗಶಿರದ ಚಳಿಯಲ್ಲಿ ತಡ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆಂದು ಒಂದು ಅಂದಾಜು. ಅವಗುಣವೆಂದರೆ ಬಿಸಿಲಿಗೆ ವರ್ಷಗಳ ಮೇಲೆ ಹಳದಿ ತಿರುಗುತ್ತದೆ. ಬಿಳಿ ಹರಳಿಗೆ ಇದು ಗೊತ್ತಾಗುತ್ತದೆ, ಕೆಂಪಿಗೆ ಇಲ್ಲ.

ನಾಲ್ಕನೆಯದನ್ನು ತೋರಿಸಿಕೊಟ್ಟಿದ್ದು ತುಮಕೂರಿನ ಮೊಬೈಲ್ ರಿಪೇರಿಯ ಹುಡುಗ. ಫೋನಿನ ಗಾಜು ಅಂಟಿಸಲು ಬಿ-7000 ಎಂಬ ಸೂಜಿಮೂತಿಯ ಟ್ಯೂಬು ಬಳಸುತ್ತಾರೆ. ಇದರೊಳಗಿನ ದ್ರಾವಕ ಹಾರಿಹೋಗಿ, ಉಳಿದದ್ದು ರಬ್ಬರಿನಂತೆ ಬಾಗುತ್ತದೆ. ಏಟು ಬಿದ್ದರೆ ಸಿಡಿಯದೆ ತಾನೇ ತುಸು ಜಗ್ಗಿ ತಾಳಿಕೊಳ್ಳುತ್ತದೆ. ಅವಸರ ಮಾತ್ರ ಕೂಡದು. ಪೂರ್ತಿ ಬಲ ಬರಲು ಒಂದೆರಡು ದಿನ ಬೇಕು. ಪಂಕ್ಚರ್ ಹಾಕುವವರ ಸಲ್ಯೂಷನ್, ಚಪ್ಪಲಿ ಅಂಟಿಸುವ ಹಳದಿ ಅಂಟು ಇವೂ ದೂರದ ಸಂಬಂಧಿಗಳೇ. ಅವುಗಳನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಪಂಕ್ಚರ್ ಅಂಗಡಿಯವರು ಹಚ್ಚಿ ಊದುತ್ತಾ ಕಾಯುವುದನ್ನು ನೋಡಿದ್ದೀರಲ್ಲ? ಇಂಥ ಅಂಟಿನ ಕೆಲಸ ಕಿಟಕಿ ತೆರೆದಿಟ್ಟು ಮಾಡಿ. ಆ ವಾಸನೆ ತಲೆಸುತ್ತು ತರುತ್ತದೆ, ಮಕ್ಕಳಿಗಂತೂ ಬೇಡವೇ ಬೇಡ. ಅಗ್ಗದ ಪ್ಲಾಸ್ಟಿಕ್ ಹರಳನ್ನು ಕೆಲವು ದ್ರಾವಕಗಳು ಕರಗಿಸಿಯೂಬಿಡುತ್ತವೆ. ಒಂದನ್ನು ಮೊದಲು ಪರೀಕ್ಷಿಸಿ.

ಹುಡುಗ ನೇರಳಾತೀತ ದೀಪಕ್ಕೆ ಗಟ್ಟಿಯಾಗುವ ಅಂಟನ್ನೂ ಹೊಗಳಿದ. ಫೋನಿನ ಗಾಜಿಗೆ ಅದು ಚೆನ್ನ, ಬೆಳಕು ಒಳಗೆ ಹೋಗುತ್ತದೆ. ಹಿಂದೆ ಲೋಹ, ಮುಂದೆ ರೇಕು ಮೆತ್ತಿದ ಹರಳಿದ್ದರೆ ಬೆಳಕಿಗೆ ದಾರಿಯಿಲ್ಲ, ಅಂಟು ಹಸಿಯಾಗಿಯೇ ಕೂತಿರುತ್ತದೆ.

ನಾಲ್ಕು ಅಂಟು, ಎಂಟು ಬಳೆ. ನಾಲ್ಕು ದಿನ ಬಚ್ಚಲಿನಲ್ಲಿ ತೂಗುಹಾಕಿದೆವು, ನಾಲ್ಕು ದಿನ ತಾರಸಿಯ ಬಿಸಿಲಿಗೆ, ಕೊನೆಗೆ ಮೇಜಿನ ಮೇಲಿಂದ ಹತ್ತತ್ತು ಸಲ ನೆಲಕ್ಕೆ. ಫೆವಿಕಾಲ್ ಹಾಕಿದ ಹರಳು ಬಚ್ಚಲಿನಲ್ಲೇ ಬೆಳ್ಳಗೆ ಮೆತ್ತಗಾಗಿ ಬಿತ್ತು. ದಿಢೀರ್ ಅಂಟು ಬಿಸಿಲು, ನೀರು ತಡೆದು ನೆಲಕ್ಕೆ ಬಿದ್ದ ಮೂರನೆಯ ಸಲಕ್ಕೇ ಕೈಬಿಟ್ಟಿತು. ದಾರವನ್ನೂ ಗರಿಗರಿಯಾಗಿ ಬಿಳಿಚಿಸಿತ್ತು. ಎಪಾಕ್ಸಿ ಲೋಹದ ಬಳೆಯ ಮೇಲೆ ಜಪ್ಪಯ್ಯ ಅನ್ನಲಿಲ್ಲ, ದಾರದ ಬಳೆಯಲ್ಲಿ ಮಾತ್ರ ಬಳೆ ಬಾಗಿದಾಗ ಅಂಚು ಬಿಟ್ಟಿತು. ರಬ್ಬರಿನಂಥ ಅಂಟು ದಾರದ ಬಳೆಯಲ್ಲಿ ಗೆದ್ದಿತು. ಎಂಟು ಬಳೆಯ ಪರೀಕ್ಷೆ ಸಂಶೋಧನೆ ಎನಿಸಿಕೊಳ್ಳದು, ಆದರೆ ನಲವತ್ತು ಜೊತೆ ಬಳೆ ಮಾಡುವ ಮೊದಲು ಅಷ್ಟಾದರೂ ಮಾಡಬೇಕಿತ್ತೆಂದು ಇಬ್ಬರಿಗೂ ಅನಿಸಿತು. ಆಮೇಲೆ ಅವಳು ಬಳೆಗಳನ್ನು ಎರಡು ದಿನ ಬಿಟ್ಟೇ ಕಳಿಸುತ್ತಿದ್ದಾಳೆ. ಅವಸರದ ಆರ್ಡರು ಬಂದರೆ ಹರಳಿಲ್ಲದ ಬಳೆ ತೋರಿಸುತ್ತಾಳಂತೆ.

ದುರ್ಯೋಧನನ ಕಿರೀಟ

ಗುಬ್ಬಿಯೆಂದ ಮೇಲೆ ನಾಟಕದ ಮಾತು ಬಾರದಿದ್ದರೆ ಹೇಗೆ? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಅದನ್ನು ನಾಡಿಗೆಲ್ಲ ಮೆರೆಸಿದ ವೀರಣ್ಣನವರು (1891-1972) ಈ ಮಣ್ಣಿನವರು. ಇಂದಿಗೂ ನಮ್ಮ ಕಡೆ ಬೇಸಿಗೆ ಬಂದರೆ ಹಳ್ಳಿಹಳ್ಳಿಯಲ್ಲೂ ‘ಕುರುಕ್ಷೇತ್ರ’. ಡ್ರಾಮಾ ಸೀನರಿಯವರು ಪರದೆ, ಕಿರೀಟ, ಭುಜಕೀರ್ತಿಗಳನ್ನು ಬಾಡಿಗೆಗೆ ತರುತ್ತಾರೆ. ರಟ್ಟು, ರೆಕ್ಸಿನ್ ಮೇಲೆ ಕನ್ನಡಿ ಚೂರು, ಗಾಜಿನ ಹರಳು ಮೆತ್ತಿದ ಆ ಒಡವೆಗಳಷ್ಟು ಕಷ್ಟ ಪಡುವ ಆಭರಣ ಬೇರೊಂದಿಲ್ಲ. ರಾತ್ರಿಯಿಡೀ ದೀಪದ ಝಳ, ಬೆವರು, ಗದಾಯುದ್ಧ. ಬೆಳಗಾದರೆ ಟ್ರಂಕಿಗೆ, ಅಲ್ಲಿಂದ ಲಾರಿಗೆ. ನಾನು ಚಿಕ್ಕವನಿದ್ದಾಗ ಸರೇಸು, ಮೈದಾ ಅಂಟುಗಳಿಂದಲೇ ರಿಪೇರಿ ನಡೆಯುತ್ತಿತ್ತು. ಮಳೆಗಾಲ ಕಳೆದು ಟ್ರಂಕು ತೆರೆದರೆ ಜಿರಲೆ, ಇಲಿಗಳು ಅಂಟನ್ನು ತಿಂದು, ಹರಳನ್ನು ಬಿಟ್ಟಿರುತ್ತಿದ್ದವು. ಪುಸ್ತಕಕ್ಕೆ ರಟ್ಟು ಹಾಕುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದುದು ಇದಕ್ಕೇ. ಅದು ವಿಷ, ಈಗ ಅದರ ಅಗತ್ಯವೂ ಇಲ್ಲ. ಬಾಗುವ ರೆಕ್ಸಿನ್ನಿಗೆ ಬಾಗುವ ಅಂಟೇ ಆಗಬೇಕು. ನಮ್ಮೂರ ನಾಟಕದಲ್ಲೊಮ್ಮೆ ದುರ್ಯೋಧನ ತೊಡೆ ತಟ್ಟಿದ ರಭಸಕ್ಕೆ ಕಿರೀಟದ ನಡುವಿನ ದೊಡ್ಡ ಹರಳು ಹಾರ್ಮೋನಿಯಂ ಮೇಷ್ಟ್ರ ಮಡಿಲಿಗೆ ಬಿತ್ತು. ಅವರು ಶ್ರುತಿ ತಪ್ಪಲಿಲ್ಲ.

ಅಂಟು ಹಾಕುವ ಮೊದಲು

ಹಳೆಯ ಅಂಟನ್ನು ಸೂಜಿಮೊನೆಯಿಂದ ಪೂರ್ತಿ ಕೆರೆದು ತೆಗೆಯಿರಿ. ಹಳೆಯದರ ಮೇಲೆ ಹೊಸದು ಹಾಕಿದರೆ ಹೊಸದು ಹಿಡಿಯುವುದು ಹಳೆಯದನ್ನು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ನಕಲಿ ಆಭರಣದ ಲೋಹವಾದರೆ ಹರಳು ಕೂರುವ ಜಾಗವನ್ನು ಉಪ್ಪುಕಾಗದದಿಂದ ತುಸು ಒರಟು ಮಾಡಿ. ಅಂಟನ್ನು ಟ್ಯೂಬಿನಿಂದ ನೇರವಾಗಿ ಹಾಕದೆ ಗುಂಡುಸೂಜಿಯ ತುದಿಯಲ್ಲಿ ಎತ್ತಿ ಹಾಕಿದರೆ ನನ್ನಂತೆ ಮೂರು ಹನಿ ಸುರಿಯುವ ಭಯವಿಲ್ಲ. ಮುತ್ತು, ಹವಳಗಳ ಮೈ ಸುಣ್ಣದ ಜಾತಿಯದು. ನಿಂಬೆ, ಹುಣಸೆ, ವಿನಿಗರ್ ತಾಗಿದರೆ ತಿನ್ನುತ್ತವೆ. ಉಗುರುಬಣ್ಣ ತೆಗೆಯುವ ಅಸಿಟೋನನ್ನೂ ಅವುಗಳಿಂದ ದೂರವಿಡಿ. ಕಡ್ಡಿಗೆ ಚುಚ್ಚಿ ಕೂರಿಸಿದ ಮುತ್ತಿನ ಓಲೆ ಕಳಚಿದರೆ ಎಪಾಕ್ಸಿಯ ಒಂದು ಚುಕ್ಕೆ ಸಾಕು.

ಹತ್ತಿ ಬಟ್ಟೆ, ಹತ್ತಿಯ ಉಂಡೆಗಳಿಂದ ದಿಢೀರ್ ಅಂಟನ್ನು ಒರೆಸಬೇಡಿ. ಹತ್ತಿಯ ಎಳೆಗಳಲ್ಲಿ ಅದು ಒಮ್ಮೆಗೇ ಗಟ್ಟಿಯಾಗಿ ಚರ್ಮ ಸುಡುವಷ್ಟು ಶಾಖ ಹುಟ್ಟುತ್ತದೆ, ಹೊಗೆಯೂ ಬರಬಹುದು. ಬೆರಳುಗಳು ಅಂಟಿಕೊಂಡರೆ ಕಿತ್ತೆಳೆಯದೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಕಣ್ಣಿಗೆ ಬಿದ್ದರೆ ಮನೆಮದ್ದು ಬೇಡ. ನೀರಿನಿಂದ ತೊಳೆಯುತ್ತಲೇ ಡಾಕ್ಟರ ಬಳಿಗೆ ಓಡಿ. ಆಸ್ಪತ್ರೆಯಲ್ಲಿ ಗಾಯ ಮುಚ್ಚಲು ಇದೇ ಜಾತಿಯ ಅಂಟು ಬಳಸುವುದುಂಟು, ಆದರೆ ಅದರ ತಯಾರಿಕೆ ಬೇರೆ. ಪೆಟ್ಟಿಗೆ ಅಂಗಡಿಯ ಟ್ಯೂಬನ್ನು ಗಾಯಕ್ಕೆ ಹಾಕಬಾರದು.

ಸರದ ಕೊಂಡಿ, ಓಲೆಯ ತಿರುಪು, ಉಂಗುರದ ಸೀಳಿಗೆ ಯಾವ ಅಂಟೂ ಆಗದು. ಅಂಟಿಗೆ ಹಿಡಿಯಲು ಅಗಲವಾದ ಜಾಗ ಬೇಕು. ಕೊಂಡಿಯ ತುದಿಯಲ್ಲಿ ಸೂಜಿಮೊನೆಯಷ್ಟು ಜಾಗವಿರುತ್ತದೆ. ಅಲ್ಲಿ ಬಿಳಿಗಾರ ಹಾಕಿ ಬೆಸುಗೆಯೇ ಆಗಬೇಕು. ಪುಟ್ಟ ಹಲ್ಲುಗಳು ಹಿಡಿದಿರುವ ವಜ್ರದ ಹರಳು ಅಲುಗಾಡಿದರೂ ಅಂಟಿನ ತಂಟೆಗೆ ಹೋಗದೆ ಹಲ್ಲು ಬಿಗಿ ಮಾಡಿಸಿ. ಚಿನ್ನದ ಒಡವೆಗೆ ಈಗಾಗಲೇ ಅಂಟು ಹಾಕಿದ್ದರೆ ನಾಚಿಕೊಳ್ಳದೆ ಅಕ್ಕಸಾಲಿಗರಿಗೆ ಮೊದಲೇ ಹೇಳಿ.

ಚಿಕ್ಕಪೇಟೆಯ ಆಚಾರ್ರು ಅಸಿಟೋನನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ ಮುಟ್ಟಿಸಿ, ಬೇರೆ ಹರಳಿಗೆ ತಾಗದಂತೆ, ನನ್ನ ಅಂಟನ್ನು ತೆಗೆಯಲು ಒಂದು ಮಧ್ಯಾಹ್ನ ತೆಗೆದುಕೊಂಡರು. ಹೊಸ ರೇಕು ಹಾಕಿ, ಅರಗಿನ ಮೇಲೆ ಅದೇ ಹರಳನ್ನು ಕೂರಿಸಿ, ಅಂಚು ಒತ್ತಿದರು. ಕೂಲಿ ಕೇಳಿದ್ದು ಬಹಳ ಕಡಿಮೆ. ತಾಯಿ ಓಲೆ ಹಾಕಿಕೊಂಡು ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಇದೊಂದು ಹರಳು ಹೊಸದು ಹಾಕಿದ್ರೇನೋ?”

“ಇಲ್ಲಮ್ಮ, ಅದೇ ಹರಳು. ಹಿಂದಿನ ರೇಕು ಮಾತ್ರ ಹೊಸದು.”

“ಹಂಗಾದ್ರೆ ಮಿಕ್ಕ ಆರೂ ಮಂಕಾಗಿದ್ವು ಅಂತಾಯ್ತು” ಎಂದರು. ಈಗ ಆ ಆರಕ್ಕೂ ರೇಕು ಬದಲಿಸಬೇಕೆಂದು ಹೇಳುತ್ತಿದ್ದಾರೆ.

ಉಳಿದ ದಿಢೀರ್ ಅಂಟನ್ನು ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣದ ಜೊತೆ ತಣ್ಣಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚಬಾರದು, ಇಲ್ಲವಾದರೆ ಒಳಗೇ ನೀರು ಕಟ್ಟಿ ಗಟ್ಟಿಯಾಗುತ್ತದೆ. ನಾನು ಡಬ್ಬಿಯ ಮೇಲೆ ದೊಡ್ಡದಾಗಿ ‘ಅಂಟು’ ಎಂದು ಬರೆದು ಫ್ರಿಜ್ಜಿನಲ್ಲಿಟ್ಟಿದ್ದೆ. ನಿನ್ನೆ ನೋಡಿದರೆ ಅದು ಹೊರಗೆ ಕಿಟಕಿಯ ಮೇಲಿತ್ತು. ಆ ಜಾಗದಲ್ಲಿ ಮೊಸರಿನ ಪಾತ್ರೆ.